ಬೀಜದ ಕಾಳನ್ನು ಬೀಸಲಿಕ್ಕಬಾರದು



ಒಕ್ಕಲುತನದ ಮನೆಗಳಲ್ಲಿ ಹಿಂದೆ ಒಂದು ಕಟ್ಟಳೆಯಿತ್ತು. ಅದು ಯಾವ ಶಾಸ್ತ್ರಗ್ರಂಥದಲ್ಲಿಯೂ ಬರೆದುದಲ್ಲ. ಸುಗ್ಗಿ ತೀರಿ ರಾಶಿ ಮನೆ ಸೇರಿದ ಮೇಲೆ ಮನೆಯ ಹಿರಿಯ ಹೆಣ್ಣುಮಗಳು, ಮೊದಲೇ ಆರಿಸಿ ತೆಗೆದಿರಿಸಿದ ತುಂಬುತೆನೆಗಳ ಕಾಳನ್ನು ಬಿಸಿಲಿಗೆ ಒಣಗಿಸಿ, ಬೂದಿ ಬೆರೆಸಿ, ಬೇವಿನ ಎಲೆಯನ್ನಿಟ್ಟು, ಗಡಿಗೆಯ ಬಾಯಿಯನ್ನು ಸಗಣಿ-ಮಣ್ಣಿನಿಂದ ಮೆತ್ತಿ ಅಟ್ಟದ ಮೇಲಿರಿಸುತ್ತಿದ್ದಳು. ಮುಂದಿನ ಬಿತ್ತಿಗೆಯವರೆಗೆ ಆ ಗಡಿಗೆಯ ಬಾಯಿ ತೆರೆಯುವಂತಿರಲಿಲ್ಲ. 1972ರ ಬರಗಾಲದಲ್ಲಿ ನನಗೆ ಹತ್ತು-ಹನ್ನೊಂದರ ಪ್ರಾಯ. ಹಗೇವು ಬರಿದಾಗಿತ್ತು. ಪರದೇಶದಿಂದ ಬಂದ ಕೆಂಪು ಜೋಳದ ರೊಟ್ಟಿಯನ್ನು ನೀರಿನೊಡನೆ ನುಂಗುತ್ತಿದ್ದ ಆ ದಿನಗಳಲ್ಲಿ, ಅಟ್ಟದ ಮೇಲೆ ಬಿಳಿಜೋಳದ ಗಡಿಗೆ ಇರುವುದನ್ನು ನಾನು ಬಲ್ಲೆ. ಅದನ್ನೇಕೆ ಬೀಸಬಾರದೆಂದು ಕೇಳಿದಾಗ ನಮ್ಮ ಅಜ್ಜಿ ಹೇಳಿದ್ದು ಇಷ್ಟೆ: "ತಮ್ಮಾ, ಅದು ನಮ್ಮದಲ್ಲ, ಹೊಲದ್ದು."

ಈ ಮಾತು ಐವತ್ತು ವರ್ಷಗಳ ಮೇಲೆ ಮತ್ತೆ ನೆನಪಿಗೆ ಬಂದುದಕ್ಕೆ ಒಂದು ಪ್ರಸಂಗ ಕಾರಣವಾಯಿತು. ಕಳೆದ ಶ್ರಾವಣದಲ್ಲಿ ಧಾರವಾಡದ ಹತ್ತಿರದ ಹೆಬ್ಬಳ್ಳಿಯಲ್ಲಿ ನನ್ನ ಪ್ರವಚನವಿತ್ತು. ಪ್ರಸಾದವಾದ ಬಳಿಕ ಪಡಸಾಲೆಯಲ್ಲಿ ಹತ್ತಾರು ಜನ ಕುಳಿತಿದ್ದೆವು. ಲೆಕ್ಕಪತ್ರದ ವಿದ್ಯೆಯನ್ನು ಕಲಿತು ಹುಬ್ಬಳ್ಳಿಯಲ್ಲಿ ಒಳ್ಳೆಯ ಉದ್ಯೋಗದಲ್ಲಿರುವ, ಸಂಭಾವಿತನೂ ವಿನಯಶೀಲನೂ ಆದ ತರುಣನೊಬ್ಬ, ಧಾರವಾಡದಿಂದ ಬರುವಾಗ ದಾರಿಯಲ್ಲಿ ಕಂಡ ಕೃಷಿ ಸಂಶೋಧನಾ ಕ್ಷೇತ್ರದ ಮಾತೆತ್ತಿದ. ನಮ್ಮ ಜನ 'ಹೆಬ್ಬಳ್ಳಿ ಫಾರ್ಮು' ಎಂದು ಕರೆಯುವುದು ಅದನ್ನೇ.

"ಅಲ್ರೀ ಗುರುಗಳ, ಇಷ್ಟು ಭೂಮಿ ಇಟಗೊಂಡು ವರ್ಷಾನುಗಟ್ಟಲೆ ಅದ ಹತ್ತಿ, ಅದ ಗೋದಿ ಬೆಳಕೋತ ಕುಂತರ ಏನ ಬಂತು? ಬೀಜ ಬೇಕಂದ್ರ ಅಂಗಡಿಯೊಳಗ ನೂರಾ ಎಂಟು ಥರದ್ದು ಸಿಗತಾವ. ಇಂಥಾವನ್ನೆಲ್ಲಾ ಮುಚ್ಚಿ ಭೂಮಿ ಮಾರಿದ್ರ ಸರಕಾರಕ್ಕ ಎಷ್ಟ ರೊಕ್ಕ ಬರತೈತಿ!"

ಅವನ ಮಾತಿನಲ್ಲಿ ದುರುದ್ದೇಶವಿರಲಿಲ್ಲ. ಲೆಕ್ಕ ಬಲ್ಲವನು ಲೆಕ್ಕದ ಮಾತನ್ನಾಡಿದ. ಆದರೆ ಇದು ಅವನೊಬ್ಬನ ಮಾತಲ್ಲವಾದ್ದರಿಂದ ಇದನ್ನು ಅಲ್ಲಿಗೇ ಬಿಡುವಂತಿಲ್ಲ. ಸಣ್ಣ ಸಣ್ಣ ಸಂಶೋಧನಾ ಕೇಂದ್ರಗಳನ್ನು ವಿಲೀನಗೊಳಿಸಬೇಕು, ವೆಚ್ಚ ತಗ್ಗಿಸಬೇಕು, ಬೀಜದ ಕೆಲಸವನ್ನು ಕಂಪನಿಗಳಿಗೆ ಬಿಡಬೇಕು ಎಂಬ ವಾದ ದೇಶದಲ್ಲಿ ಬಹುಕಾಲದಿಂದ ಕೇಳಿಬರುತ್ತಿದೆ. ಮುಚ್ಚುವುದೆಂದರೆ ಒಂದು ದಿನ ಆಜ್ಞಾಪತ್ರ ಬಂದು ಬಾಗಿಲಿಗೆ ಬೀಗ ಬೀಳುವುದೆಂದು ನಾವು ತಿಳಿಯುತ್ತೇವೆ. ಬಹುತೇಕ ಹಾಗಾಗುವುದಿಲ್ಲ. ನಿವೃತ್ತರಾದವರ ಸ್ಥಾನ ತುಂಬುವುದಿಲ್ಲ. ತಳಿಶಾಸ್ತ್ರಜ್ಞರು ಹೋದ ಮೇಲೆ ರೋಗಶಾಸ್ತ್ರಜ್ಞರೇ ಎರಡೂ ಕೆಲಸ ನೋಡುತ್ತಾರೆ. ಅವರೂ ಹೋದ ಮೇಲೆ ಕಾವಲುಗಾರನೊಬ್ಬ ಉಳಿಯುತ್ತಾನೆ. ಕೃಷಿ ವಿಶ್ವವಿದ್ಯಾಲಯಗಳಲ್ಲಿ ಹುದ್ದೆಗಳು ಖಾಲಿ ಬಿದ್ದಿರುವ ಸುದ್ದಿಯನ್ನು ನಾವು ವರ್ಷ ವರ್ಷವೂ ಪತ್ರಿಕೆಗಳಲ್ಲಿ ಓದಿ ಪುಟ ಮಗುಚುತ್ತೇವೆ. ಹತ್ತು ವರ್ಷ ಹೀಗೆ ನಡೆದ ಮೇಲೆ, 'ಅಲ್ಲಿ ಏನೂ ಕೆಲಸವೇ ನಡೆಯುತ್ತಿಲ್ಲವಲ್ಲ' ಎಂಬುದೇ ಮುಚ್ಚುವುದಕ್ಕೆ ಕಾರಣವಾಗುತ್ತದೆ. ಆಕಳಿಗೆ ಮೇವು ಹಾಕದೆ, ಹಾಲು ಕೊಡುತ್ತಿಲ್ಲವೆಂದು ಸಂತೆಗೆ ಹೊಡೆದಂತೆ.

ಪಡಸಾಲೆಯಲ್ಲಿ ಆ ತರುಣನಿಗೆ ನಾನು ಮೊದಲು ಹೇಳಿದ್ದು ನನ್ನ ವಾದಕ್ಕೆ ವಿರುದ್ಧವೆಂದು ತೋರಬಹುದಾದ ಒಂದು ಸಂಗತಿಯನ್ನು. ನಮ್ಮ ಜಿಲ್ಲೆಯಲ್ಲಿಯೇ ಒಂದು ಸರಕಾರಿ ಪ್ರಯೋಗ ಕ್ಷೇತ್ರವನ್ನು ಮುಚ್ಚಿದ್ದುಂಟು, ಮುಚ್ಚಿದ್ದು ಸರಿಯೂ ಆಗಿತ್ತು. ಅದು ಕುಂಪಣಿ ಸರಕಾರದ ಕಾಲ. ಮ್ಯಾಂಚೆಸ್ಟರಿನ ಗಿರಣಿಗಳಿಗೆ ಉದ್ದನೆಯ ಎಳೆಯ ಹತ್ತಿ ಬೇಕಾಗಿತ್ತು. ಅದನ್ನು ಭಾರತದಲ್ಲಿ ಬೆಳೆಯಿಸಲು ಅಮೇರಿಕೆಯ ತೋಟಗಾರರನ್ನೇ ಸಂಬಳ ಕೊಟ್ಟು ಕರೆತಂದರು. 1840ರ ದಶಕದಲ್ಲಿ ಹುಬ್ಬಳ್ಳಿಯ ಬಳಿಯ ಕುಸುಗಲ್ಲಿನಲ್ಲಿ ಮರ್ಸರ್ ಎಂಬಾತನ ಮೇಲ್ವಿಚಾರಣೆಯಲ್ಲಿ ಅಂತಹ ಒಂದು ಕ್ಷೇತ್ರ ನಡೆಯಿತು. ಅಮೇರಿಕೆಯ ನೇಗಿಲು, ಅಮೇರಿಕೆಯ ಪದ್ಧತಿ, ಅಮೇರಿಕೆಯ ಬೀಜ. ಕೆಲವು ವರ್ಷಗಳಲ್ಲಿ ಆ ಮರ್ಸರನೇ ಸರಕಾರಕ್ಕೆ ಬರೆದ: ಇಲ್ಲಿಯ ಹವೆಯನ್ನೂ ನೆಲದ ಗುಣವನ್ನೂ ಇಲ್ಲಿಯ ರೈತ ಬಲ್ಲಷ್ಟು ಯಾವ ಪರದೇಶಿಯೂ ಬಲ್ಲವನಲ್ಲ; ಅವನು ನಮಗಿಂತ ಚೆನ್ನಾಗಿ, ನಮಗಿಂತ ಕಡಿಮೆ ವೆಚ್ಚದಲ್ಲಿ ಬೆಳೆಯುತ್ತಾನೆ; ಈ ಕ್ಷೇತ್ರಗಳು ವ್ಯರ್ಥ ವೆಚ್ಚ, ಮುಚ್ಚಿಬಿಡಿ ಎಂದು. ಸಂಬಳ ಕೊಡುವವರಿಗೆ ಇಂತಹ ಪತ್ರ ಬರೆಯುವುದಕ್ಕೆ ಎದೆಗಾರಿಕೆ ಬೇಕು. ಆ ಪುಣ್ಯಾತ್ಮನಿಗೆ ನಮ್ಮ ಒಂದು ಶರಣು ಸಲ್ಲಬೇಕು.

ಇದನ್ನು ಕೇಳಿ ತರುಣನ ಮುಖ ಅರಳಿತು. ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ.

ಕ್ಷೇತ್ರ ಮುಚ್ಚಿದರೂ ಬೀಜ ಉಳಿಯಿತು. ಅಂದಿನ ಧಾರವಾಡದ ಕಲೆಕ್ಟರ್ ಶಾ ಸಾಹೇಬರು ರೈತರಿಗೆ ಹಂಚಿದ ನ್ಯೂ ಆರ್ಲಿಯನ್ಸ್ ಹತ್ತಿಯ ಬೀಜ ನಮ್ಮ ಎರೆಭೂಮಿಗೆ ಒಗ್ಗಿಕೊಂಡಿತು. 'ಧಾರವಾಡ-ಅಮೇರಿಕನ್' ಎಂಬ ಹೆಸರು ಪಡೆಯಿತು. ಎರಡು ದಶಕಗಳಲ್ಲಿ ಲಕ್ಷಕ್ಕೂ ಮಿಕ್ಕಿ ಎಕರೆಗಳಲ್ಲಿ ಹಬ್ಬಿತು. 1861ರಲ್ಲಿ ಅಮೇರಿಕೆಯಲ್ಲಿ ಅಂತರ್ಯುದ್ಧ ಹತ್ತಿ ಅಲ್ಲಿಯ ಹತ್ತಿ ನಿಂತಾಗ ನಮ್ಮ ಹತ್ತಿಗೆ ಬಂಗಾರದ ಬೆಲೆ ಬಂತು. ಬೆಲೆಯ ಹಿಂದೆಯೇ ಬೆರಕೆ ಬಂತು. ಕುಮಟಾ ಹತ್ತಿಯನ್ನೂ ಅಮೇರಿಕನ್ ಹತ್ತಿಯನ್ನೂ ಕಲಬೆರಕೆ ಮಾಡುವುದು ಎಷ್ಟು ಹೆಚ್ಚಿತೆಂದರೆ 1863ರಲ್ಲಿ ಮುಂಬಯಿ ಸರಕಾರ ಅದನ್ನು ತಡೆಯಲು ಕಾಯಿದೆಯನ್ನೇ ಮಾಡಬೇಕಾಯಿತು. ಜಿನ್ನಿನಲ್ಲಿ ಅರಳೆಯೊಂದಿಗೆ ಬೀಜವೂ ಬೆರೆಯುತ್ತದೆ. ಬೆರೆತ ಬೀಜವೇ ಮರುವರ್ಷ ಹೊಲಕ್ಕೆ ಬರುತ್ತದೆ. ಬೀಜದ ಕುಲವನ್ನು ಕಾಯುವವರು ಯಾರೂ ಇರಲಿಲ್ಲವಾಗಿ ಒಳ್ಳೆಯ ತಳಿ ಕ್ರಮೇಣ ಕೆಟ್ಟಿತು.

ಕಾಯುವ ಕೆಲಸ ಆರಂಭವಾದದ್ದು ಇಪ್ಪತ್ತನೆಯ ಶತಮಾನದಲ್ಲಿ, ಮುಂಬಯಿ ಪ್ರಾಂತದ ಕೃಷಿ ಇಲಾಖೆ ಧಾರವಾಡದಲ್ಲಿ ಹತ್ತಿಯ ಸಂಶೋಧನೆಗೆ ಕೈಹಾಕಿದಾಗ. ಈ ಸಾರೆ ನೇಗಿಲು ಹಿಡಿದು ಪಾಠ ಹೇಳಲು ಬಂದವರು ಪರದೇಶದ ತೋಟಗಾರರಲ್ಲ. ಜಿ. ಎಲ್. ಕೊಟ್ಟೂರ ಎಂಬ ನಮ್ಮವರೇ ಆದ ತಳಿಶಾಸ್ತ್ರಜ್ಞರು ರೈತರ ಹೊಲಗಳ ಬೆರಕೆ ಬೆಳೆಯಿಂದ ಗಿಡ ಗಿಡವನ್ನೇ ಆರಿಸಿ, ಬೇರೆ ಬೇರೆಯಾಗಿ ಬಿತ್ತಿ, ವರ್ಷಾನುವರ್ಷ ನೋಡಿ, ಧಾರವಾಡ-ಅಮೇರಿಕನ್ನಿನಿಂದ 'ಗದಗ-1' ಎಂಬ ಶುದ್ಧ ತಳಿಯನ್ನು ತೆಗೆದರು. ಕುಮಟಾ ಹತ್ತಿಯ ವಂಶದಲ್ಲಿ 'ಜಯವಂತ'ವೂ ಅನಂತರ 'ಜಯಧರ'ವೂ ಬಂದವು. ಗದಗ-1ನ್ನು ಕೊಯಮತ್ತೂರಿನ ಹತ್ತಿಯೊಡನೆ ಕೂಡಿಸಿದಾಗ 'ಲಕ್ಷ್ಮಿ' ಹುಟ್ಟಿತು. ಆ ಲಕ್ಷ್ಮಿಯನ್ನು ತಾಯಿಯಾಗಿಟ್ಟುಕೊಂಡು, ರಷ್ಯದಿಂದ ಬಂದ ಬಾರ್ಬಡೆನ್ಸ್ ಜಾತಿಯ ಹತ್ತಿಯನ್ನು ತಂದೆಯಾಗಿಟ್ಟುಕೊಂಡು, ಡಾ. ಬಿ. ಎಚ್. ಕಟರಕಿಯವರು 1972ರಲ್ಲಿ 'ವರಲಕ್ಷ್ಮಿ'ಯನ್ನು ಕೊಟ್ಟರು. ಎರಡು ಬೇರೆ ಬೇರೆ ಜಾತಿಯ ಹತ್ತಿಗಳನ್ನು ಕೂಡಿಸಿ ರೈತನ ಹೊಲಕ್ಕೆ ತಂದ ಸಂಕರ ತಳಿ ಜಗತ್ತಿನಲ್ಲಿ ಅದೇ ಮೊದಲನೆಯದು. ಎರಡು ವರ್ಷ ಮೊದಲು, 1970ರಲ್ಲಿ, ಸೂರತ್ತಿನಲ್ಲಿ ಡಾ. ಸಿ. ಟಿ. ಪಟೇಲರು ತೆಗೆದ 'ಸಂಕರ-4' ಒಂದೇ ಜಾತಿಯೊಳಗಿನ ಸಂಕರವಾಗಿತ್ತು. 1981ರಲ್ಲಿ ಧಾರವಾಡದಿಂದ 'ಜಯಲಕ್ಷ್ಮಿ' ಬಂತು, ಡಿ.ಸಿ.ಎಚ್.-32 ಎಂದು ಹತ್ತಿಯ ಪೇಟೆಗಳಲ್ಲಿ ಹೆಸರಾದ ಹತ್ತಿ ಅದೇ. ಸಣ್ಣ ನೂಲಿಗೆ ಈಜಿಪ್ತು, ಸುಡಾನುಗಳ ಹತ್ತಿಯ ದಾರಿ ಕಾಯುತ್ತಿದ್ದ ದೇಶಕ್ಕೆ ಈ ನೆಲದ ಹತ್ತಿ ಒದಗಿತು.

ಕುಸುಗಲ್ಲಿನ ಕಾಲದಿಂದ ವರಲಕ್ಷ್ಮಿಯವರೆಗೆ ನೂರಾ ಮೂವತ್ತು ವರ್ಷಗಳಾದವು. ಇದು ವಂಶಾವಳಿ. ಮಠಗಳಲ್ಲಿ ಗುರುಪರಂಪರೆಯನ್ನು ಹೇಳುವಾಗ ಯಾರಿಂದ ಯಾರು ಎಂದು ಒಂದು ಹೆಸರೂ ಬಿಡದೆ ಹೇಳುವ ರೂಢಿಯುಂಟಷ್ಟೆ. ಬೀಜಕ್ಕೂ ಅಂತಹ ಪರಂಪರೆಯಿದೆ, ಅದನ್ನು ಬರೆದಿಡುವ ಮಠವೊಂದು ಬೇಕು. ಇದರಲ್ಲಿ ಯಾವ ಒಂದು ಕೊಂಡಿ ಕಳಚಿದ್ದರೂ ಮುಂದಿನದು ಇರುತ್ತಿರಲಿಲ್ಲ. ಗದಗ-1ನ್ನು ಶುದ್ಧವಾಗಿ ಕಾಯ್ದವರಿಗೆ ತಾವು ವರಲಕ್ಷ್ಮಿಯ ಅಜ್ಜಿಯನ್ನು ಕಾಯುತ್ತಿದ್ದೇವೆಂದು ಗೊತ್ತಿರಲಿಲ್ಲ. ಆ ವರ್ಷಗಳಲ್ಲಿ ಲೆಕ್ಕಾಧಿಕಾರಿಯೊಬ್ಬ ಬಂದು, 'ಅದೇ ಹತ್ತಿಯನ್ನು ಬೆಳೆದುಕೊಂಡು ಕುಳಿತು ಏನು ಲಾಭ' ಎಂದು ಕೇಳಿದ್ದರೆ ಅವರು ಏನು ಉತ್ತರ ಕೊಡಬಹುದಾಗಿತ್ತು?

ಕುಸುಗಲ್ಲಿನ ಪ್ರಯೋಗ ನಡೆದ ಆ ದಿನಗಳಲ್ಲಿಯೇ, 1843ರಲ್ಲಿ, ಇಂಗ್ಲಂಡಿನ ರೋಥಮ್‌ಸ್ಟೆಡ್ ಎಂಬಲ್ಲಿ ಒಂದು ಹೊಲದಲ್ಲಿ ಗೋಧಿ ಬಿತ್ತಿದರು. ಒಂದು ಪಟ್ಟಿಗೆ ಗೊಬ್ಬರ, ಇನ್ನೊಂದಕ್ಕೆ ರಾಸಾಯನಿಕ, ಮತ್ತೊಂದಕ್ಕೆ ಏನೂ ಇಲ್ಲ. ಆ ಹೊಲವನ್ನು ಇಂದಿಗೂ ಹಾಗೆಯೇ ನಡೆಯಿಸುತ್ತಿದ್ದಾರೆ. ನೂರಾ ಎಂಬತ್ತಕ್ಕೂ ಹೆಚ್ಚು ವರ್ಷಗಳ ಮಣ್ಣಿನ ಲೆಕ್ಕ ಅಲ್ಲಿದೆ. ನಡುವೆ ಒಂದು ದಶಕ ಬಿಟ್ಟಿದ್ದರೂ ಅದನ್ನು ರೊಕ್ಕ ಕೊಟ್ಟು ಮರಳಿ ತರಲಾಗುತ್ತಿರಲಿಲ್ಲ.

ವರಲಕ್ಷ್ಮಿ ನಮ್ಮ ಮನೆಯ ಕಥೆಯೂ ಹೌದು. ನಾನು ಮಠದ ಪ್ರಸಾದನಿಲಯದಲ್ಲಿ ಓದುತ್ತಿದ್ದಾಗ ರಜೆಗೆ ಊರಿಗೆ ಹೋದರೆ ಸಂಜೆ ಹೊಲದ ತುಂಬ ಹೆಣ್ಣುಮಕ್ಕಳು ಕಾಣುತ್ತಿದ್ದರು. ಮರುದಿನ ಅರಳಲಿರುವ ಮೊಗ್ಗನ್ನು ಗುರುತಿಸಿ, ಉಗುರಿನಿಂದ ಅದರ ಎಸಳನ್ನೂ ಗಂಡುಭಾಗವನ್ನೂ ಬಿಡಿಸಿ, ಹೆಣ್ಣುಭಾಗಕ್ಕೆ ಪೆಟ್ಟಾಗದಂತೆ ಬಣ್ಣದ ಕಾಗದ ಸುತ್ತಿ ಹೋಗುತ್ತಿದ್ದರು. ಮುಂಜಾನೆ ಬಂದು ಗಂಡುತಳಿಯ ಹೂವನ್ನು ತಂದು ಅದಕ್ಕೆ ಮುಟ್ಟಿಸುತ್ತಿದ್ದರು. ಒಂದೊಂದು ಕಾಯಿಗೂ ಹೀಗೆ ಎರಡು ಸಾರೆ ಕೈ ತಾಗಬೇಕು. 'ಕ್ರಾಸಿಂಗ್' ಎಂಬ ಇಂಗ್ಲಿಷ್ ಮಾತು ಶಾಲೆಯ ಮುಖ ಕಾಣದ ನಮ್ಮ ತಾಯಂದಿರ ಬಾಯಲ್ಲಿ ಅಚ್ಚಕನ್ನಡದಂತೆ ಆಡುತ್ತಿತ್ತು. ರಾಣೇಬೆನ್ನೂರು ಸೀಮೆ ಬೀಜದ ಸೀಮೆಯಾದದ್ದು ಈ ಕೈಗಳಿಂದ. ಆ ಕೆಲಸದಲ್ಲಿ ಶಾಲೆ ಬಿಟ್ಟ ಎಳೆಯ ಹುಡುಗಿಯರೂ ಇರುತ್ತಿದ್ದರೆಂಬ ಕಹಿಸತ್ಯವನ್ನು ಮರೆಮಾಚಲಾರೆ.

ಇನ್ನೊಂದನ್ನೂ ಮರೆಮಾಚಬಾರದು. ಸಂಕರ ಬೀಜವನ್ನು ಕಾಯ್ದಿಟ್ಟುಕೊಂಡು ಮರುವರ್ಷ ಬಿತ್ತಿದರೆ ಬೆಳೆ ಒಡೆದು ಹತ್ತು ಬಗೆಯಾಗುತ್ತದೆ. ಆದ್ದರಿಂದ ಪ್ರತಿವರ್ಷ ಹೊಸ ಬೀಜ ಕೊಳ್ಳಲೇಬೇಕು. ನಮ್ಮ ಅಜ್ಜಿಯ ಗಡಿಗೆಗೆ ಅಟ್ಟದ ಮೇಲೆ ಕೆಲಸವಿಲ್ಲವಾದದ್ದು ಆಗಲೇ. ಸರಕಾರಿ ಕ್ಷೇತ್ರ ತೆರೆದ ಈ ಬಾಗಿಲಿನಿಂದಲೇ ಬೀಜದ ಕಂಪನಿಗಳು ಒಳಗೆ ಬಂದವು. 2002ರಲ್ಲಿ ಬಿಟಿ ಹತ್ತಿ ಬಂದ ಮೇಲೆ 450 ಗ್ರಾಮಿನ ಒಂದು ಪಾಕೀಟಿಗೆ ಸಾವಿರದ ಆರುನೂರು ರೂಪಾಯಿಯವರೆಗೆ ಕೊಟ್ಟವರಿದ್ದಾರೆ. 2006ರಲ್ಲಿ ಆಂಧ್ರ ಸರಕಾರ ಗಟ್ಟಿಯಾಗಿ ನಿಂತ ಮೇಲೆ ಆ ಬೆಲೆ 750ಕ್ಕೆ ಇಳಿಯಿತು. ಕಂಪನಿಗಳನ್ನು ದೂಷಿಸಲು ನಾನು ಇದನ್ನು ಹೇಳುತ್ತಿಲ್ಲ. ವ್ಯಾಪಾರ ಅವರ ಕಾಯಕ. ಪ್ರತಿವರ್ಷ ಮಾರಲು ಬರುವ ಬೀಜವನ್ನೇ ಅವರು ಹುಡುಕುವುದು ಸಹಜ. ಪ್ರಶ್ನೆ ಇರುವುದು, ಪ್ರತಿವರ್ಷ ಮಾರಲು ಬಾರದ ಬೀಜದ ಗತಿ ಏನೆಂಬುದು.

ಕಡಲೆಯನ್ನೇ ನೋಡಿ. ಕಡಲೆಯ ಹೂವು ತನ್ನೊಳಗೆ ತಾನೇ ಫಲಿಸುವಂಥದು. ಬಿತ್ತಿದ ತಳಿಯೇ ಮರಳಿ ಬರುತ್ತದೆ. ಒಂದು ಸಾರೆ ಒಳ್ಳೆಯ ಬೀಜ ತಂದ ರೈತ ಹಲವು ವರ್ಷ ಅಂಗಡಿಯ ಕಡೆ ನೋಡಬೇಕಾಗಿಲ್ಲ. ನಮ್ಮ ಜಿಲ್ಲೆಯ ಅಣ್ಣಿಗೇರಿಯ ಸ್ಥಳೀಯ ಕಡಲೆಯಿಂದ ಆರಿಸಿ 1978ರಲ್ಲಿ ಬಿಡುಗಡೆ ಮಾಡಿದ 'ಅಣ್ಣಿಗೇರಿ-1' ತಳಿ ಕರ್ನಾಟಕದ ಎರೆಹೊಲಗಳನ್ನು ದಶಕಗಳ ಕಾಲ ಆಳಿತು. ಹಿಂಗಾರಿಯ ಇಬ್ಬನಿಯಲ್ಲಿ, ನೆಲದ ಹಸಿಯಲ್ಲಿಯೇ ಬೆಳೆದು ನಿಂತ ಆ ಕಡಲೆಯಿಂದ ಎಷ್ಟು ಮನೆಗಳ ಮದುವೆ, ಎಷ್ಟು ಮಕ್ಕಳ ಓದು ನಡೆದವೋ ಲೆಕ್ಕವಿಟ್ಟವರಿಲ್ಲ. ಕಾಲಾಂತರದಲ್ಲಿ ಅದಕ್ಕೆ ಸೊರಗು ರೋಗ ಬಿದ್ದಿತು. ಹಸಿರಾಗಿ ನಿಂತ ಗಿಡ ನಾಲ್ಕು ದಿನಗಳಲ್ಲಿ ಬಾಡಿ ಬೀಳತೊಡಗಿತು. ಆಗ ಕಲಬುರ್ಗಿಯ ಸಂಶೋಧನಾ ಕೇಂದ್ರ, ರಾಯಚೂರಿನ ಕೃಷಿ ವಿಶ್ವವಿದ್ಯಾಲಯ, ಹೈದರಾಬಾದಿನ ಬಳಿಯ ಇಕ್ರಿಸ್ಯಾಟ್ ಸಂಸ್ಥೆ ಇವು ಕೂಡಿ, ರೋಗ ತಡೆಯುವ ಬೇರೊಂದು ಕಡಲೆಯ ಆ ಒಂದು ಗುಣವನ್ನಷ್ಟೇ ಅಣ್ಣಿಗೇರಿಯೊಳಗೆ ತಂದು 'ಸೂಪರ್ ಅಣ್ಣಿಗೇರಿ-1' ಎಂಬುದನ್ನು ಸಿದ್ಧಗೊಳಿಸಿದವು. ಉಳಿದ ಗುಣಗಳೆಲ್ಲ ಹಳೆಯವೇ. ಒಮ್ಮೆ ಮಾರಿದರೆ ಮತ್ತೆ ಹಲವು ವರ್ಷ ಗಿರಾಕಿ ಬಾರದ ಈ ಬೀಜಕ್ಕಾಗಿ ಇಷ್ಟು ವರ್ಷ ಯಾವ ವ್ಯಾಪಾರಿ ದುಡಿದಾನು? ದುಡಿಯೆಂದು ಕೇಳುವುದಾದರೂ ನ್ಯಾಯವೇ?

ಬ್ರಿಟನ್ನಿನವರು ಇದನ್ನು ಪರೀಕ್ಷಿಸಿ ನೋಡಿದ್ದಾರೆ. ಕೇಂಬ್ರಿಜ್ಜಿನಲ್ಲಿ 1912ರಿಂದ ನಡೆದುಬಂದ ಸಸ್ಯತಳಿ ಸಂಸ್ಥೆ ಆ ದೇಶದ ಗೋಧಿ, ಬಾರ್ಲಿ, ಬಟಾಟೆಗಳಿಗೆ ತಾಯಿಮನೆಯಾಗಿತ್ತು. ಲಾಭದಲ್ಲಿಯೇ ಇದ್ದ ಅದನ್ನು 1987ರಲ್ಲಿ ಸರಕಾರ ಯೂನಿಲಿವರ್ ಕಂಪನಿಗೆ ಮಾರಿತು. 1998ರಲ್ಲಿ ಅದು ಮಾನ್ಸಾಂಟೊ ಕಂಪನಿಯ ಪಾಲಾಯಿತು. ಸಾಬೂನು ಮಾರುವವರ ಕೈಯಿಂದ ಕಳೆನಾಶಕ ಮಾರುವವರ ಕೈಗೆ ಹೋಗಲು ಹನ್ನೊಂದೇ ವರ್ಷ ಸಾಕಾದವು.

ಈ ಪತ್ರಿಕೆಯನ್ನು ಓದುವ ತಾಯಂದಿರಿಗೆ ಇನ್ನೊಂದು ಉದಾಹರಣೆ ಹೆಚ್ಚು ಹತ್ತಿರವಾದೀತು. ಜಾತ್ರೆಯ ದಾಸೋಹದಲ್ಲಿ ಗೋಧಿಹುಗ್ಗಿಯ ಕೊಪ್ಪರಿಗೆ ಇಳಿದಾಗ ಬರುವ ಆ ಪರಿಮಳ ಜವೆಗೋಧಿಯದು. ಸದಕ ಎಂದೂ ಕಪಲಿ ಎಂದೂ ಕರೆಯುವುದು ಅದನ್ನೇ. ಕುಟ್ಟಿದರೂ ಸುಲಭವಾಗಿ ಬಿಡದ ಸಿಪ್ಪೆ, ಎತ್ತರಕ್ಕೆ ಬೆಳೆದು ಗಾಳಿಗೆ ಒರಗುವ ಸ್ವಭಾವ, ಕಡಿಮೆ ಇಳುವರಿ. ಇವುಗಳಿಂದ ಅದು ಹೊಲಗಳಿಂದ ಮರೆಯಾಗುತ್ತಲಿತ್ತು. ಸಿಹಿಮೂತ್ರದವರಿಗೆ ಅದು ಬೇರೆ ಗೋಧಿಗಿಂತ ಮೇಲೆಂದು ಈಗ ಪಟ್ಟಣದವರು ದುಬಾರಿ ಬೆಲೆ ಕೊಟ್ಟು ಕೊಳ್ಳುತ್ತಾರೆ. ಯಾರೂ ಕೊಳ್ಳದಿದ್ದ ಕಾಲದಲ್ಲಿ ಅದರ ಮೇಲೆ ಕೆಲಸ ಮಾಡಿ, ಗಿಡ್ಡಾಗಿ ನೆಟ್ಟಗೆ ನಿಲ್ಲುವ ಡಿ.ಡಿ.ಕೆ.-1025, ಡಿ.ಡಿ.ಕೆ.-1029 ಎಂಬ ಜವೆಗೋಧಿ ತಳಿಗಳನ್ನು ಕೊಟ್ಟದ್ದು ಧಾರವಾಡದ ಕೃಷಿ ವಿಶ್ವವಿದ್ಯಾಲಯ. ನಾವು ಹುಗ್ಗಿ ಉಂಡು ಕೈ ತೊಳೆಯುತ್ತೇವೆ. ಗೋಧಿ ಎಲ್ಲಿಂದ ಬಂತೆಂದು ಕೇಳುವ ಗೊಡವೆಗೆ ಹೋಗುವುದಿಲ್ಲ.

ಪಡಸಾಲೆಯ ಮೂಲೆಯಲ್ಲಿ ಹಿರಿಯ ಒಕ್ಕಲಿಗರೊಬ್ಬರು ಇಷ್ಟು ಹೊತ್ತು ಕಂಬಕ್ಕೆ ಒರಗಿ ಕೇಳುತ್ತಿದ್ದರು. ಅವರು ನನ್ನನ್ನೇ ತಡೆದರು. "ಗುರುಗಳ, ನೀವು ಬರೇ ಚಲೋದ್ದು ಹೇಳಾಕತ್ತೀರಿ. ಸರಕಾರದವರು ತಮ್ಮದ ಒಂದು ಬಿಟಿ ಹತ್ತಿ ತೆಗದಿದ್ರಲ್ಲ, ಅದ ಏನಾತು ಅದನ್ನೂ ಹೇಳ್ರಿ."

ಹೇಳಲೇಬೇಕಾಯಿತು. ನಾಗಪುರದ ಹತ್ತಿ ಸಂಸ್ಥೆ, ಧಾರವಾಡದ ಕೃಷಿ ವಿಶ್ವವಿದ್ಯಾಲಯ ಮೊದಲಾದವು ಸೇರಿ, ರೈತ ತಾನೇ ಕಾಯ್ದಿಟ್ಟು ಬಿತ್ತಬಹುದಾದ 'ಬಿಕಾನೇರಿ ನರ್ಮಾ ಬಿಟಿ' ಎಂಬ ಹತ್ತಿಯನ್ನು 2009ರಲ್ಲಿ ಬಿಡುಗಡೆ ಮಾಡಿದವು. ಉದ್ದೇಶ ಉದಾತ್ತವಾಗಿತ್ತು. ಆದರೆ ಅದರಲ್ಲಿ ಖಾಸಗಿ ಕಂಪನಿಯ ವಂಶವಾಹಿಯೇ ಇರುವುದು ಕಂಡುಬಂದು ಬೀಜವನ್ನು ಹಿಂತೆಗೆದುಕೊಳ್ಳಬೇಕಾಯಿತು, ಡಾ. ಸೋಪೋರಿಯವರ ಸಮಿತಿ 2012ರಲ್ಲಿ ವರದಿ ಕೊಟ್ಟಿತು. ದೇಶದ ರೈತರ ಮುಂದೆ ಸಾರ್ವಜನಿಕ ಸಂಶೋಧನೆ ತಲೆತಗ್ಗಿಸಿದ ಪ್ರಸಂಗವದು. ಆದರೆ ಆ ತಪ್ಪು ಬಯಲಿಗೆ ಬಂದುದೂ, ಸಮಿತಿ ಕುಳಿತು ವಿಚಾರಿಸಿದ್ದೂ, ನಾವು ಪಡಸಾಲೆಯಲ್ಲಿ ಕುಳಿತು ಅದನ್ನು ಆಡಿಕೊಳ್ಳುತ್ತಿರುವುದೂ ಆ ಸಂಸ್ಥೆಗಳು ನಮ್ಮವಾದ್ದರಿಂದ. ಖಾಸಗಿ ಕೋಣೆಯೊಳಗೆ ನಡೆದ ತಪ್ಪಿನ ವರದಿಯನ್ನು ನಮಗೆ ಯಾರು ಕೊಟ್ಟಾರು?

ಆ ಹಿರಿಯರು ಒಪ್ಪಿದರೋ ಇಲ್ಲವೋ ತಿಳಿಯದು. ಸ್ವಲ್ಪ ಹೊತ್ತು ಸುಮ್ಮನಿದ್ದು ತಮ್ಮದೇ ಒಂದು ಮಾತು ಹೇಳಿದರು. ಹಲವು ವರ್ಷಗಳ ಹಿಂದೆ ಅವರ ಹೊಲದ ಹತ್ತಿ ಆಳೆತ್ತರ ಬೆಳೆದು ಹೂ ಬಿಟ್ಟಿತು, ಕಾಯಿ ಕಟ್ಟಲಿಲ್ಲ. ಬೀಜ ಮಾರಿದವನು ಭೂಮಿಯ ದೋಷವೆಂದ, ಹವೆಯ ದೋಷವೆಂದ, ಕಡೆಗೆ ಇವರ ಕೈಗುಣದ ದೋಷವೆಂದ. ಹೊಲಕ್ಕೆ ಬಂದು, ಬದುವಿನ ಮೇಲೆ ನಿಂತು ಹೋಗದೆ ಸಾಲಿನೊಳಗೆ ಇಳಿದು, ಗಿಡಗಳನ್ನು ಎಣಿಸಿ ನೋಡಿ, ದೋಷ ಬೀಜದ್ದೆಂದು ಬರೆದುಕೊಟ್ಟವರು ಕೃಷಿ ವಿಜ್ಞಾನಿಗಳು. ಆ ಕಾಗದದ ಬಲದಿಂದ ಇವರಿಗೆ ಪರಿಹಾರ ಪೂರ್ತಿ ದಕ್ಕಲಿಲ್ಲವಂತೆ. ಆದರೂ "ನಂದ ತಪ್ಪಲ್ಲಂತ ಊರಿಗೆ ಗೊತ್ತಾತ್ರಿ" ಎಂದರು.

ನಾನು ಇಷ್ಟುದ್ದ ಹೇಳಿದ್ದಕ್ಕಿಂತ ಈ ಒಂದು ಮಾತು ಆ ತರುಣನನ್ನು ಹೆಚ್ಚು ಮುಟ್ಟಿತೆಂದು ಅವನ ಮುಖದಿಂದ ತಿಳಿಯಿತು. 2013ರಲ್ಲಿ ಹಾವೇರಿಯೂ ಸೇರಿದಂತೆ ಹಲವು ಜಿಲ್ಲೆಗಳಲ್ಲಿ 'ಕನಕ' ಎಂಬ ಬಿಟಿ ಹತ್ತಿ ಕೈಕೊಟ್ಟು, ಮರುವರ್ಷ ರಾಜ್ಯ ಸರಕಾರ ಆ ಕಂಪನಿಯ ಬೀಜದ ಮಾರಾಟವನ್ನೇ ತಡೆದದ್ದು ಅನೇಕರ ನೆನಪಿನಲ್ಲಿರಬಹುದು. ಅಂತಹ ಹೊತ್ತಿನಲ್ಲಿ ಮಾರಿದವನಿಗೂ ಕೊಂಡವನಿಗೂ ನಡುವೆ ನಿಂತು, ಯಾರ ಸಂಬಳವನ್ನೂ ತಿನ್ನದೆ, ಕಂಡದ್ದನ್ನು ಕಂಡಂತೆ ಹೇಳುವ ಸಾಕ್ಷಿಯೊಬ್ಬ ಬೇಕು. ನಾಳೆ ಸಂಶೋಧನೆಯೆಲ್ಲ ಬೀಜ ಮಾರುವವರದೇ ಆದರೆ ಸಾಕ್ಷಿಯೂ ಅವರದೇ ಆಗುತ್ತದೆ.

ಇನ್ನು ಭೂಮಿಯ ಬೆಲೆಯ ಮಾತು. ಧಾರವಾಡ, ಹುಬ್ಬಳ್ಳಿಗಳು ಬೆಳೆಯುತ್ತಿವೆ. ಒಮ್ಮೆ ಊರ ಹೊರಗಿದ್ದ ಹೊಲಗಳು ಈಗ ಬಡಾವಣೆಗಳ ಬಾಯಿಗೆ ಬಂದಿವೆ. ರಷ್ಯದ ದೇಶದಲ್ಲಿ ನಡೆದುದನ್ನು ಇಲ್ಲಿ ನೆನೆಯಬೇಕು. ಎರಡನೆಯ ಮಹಾಯುದ್ಧದಲ್ಲಿ ಜರ್ಮನರು ಲೆನಿನ್‌ಗ್ರಾಡ್ ನಗರವನ್ನು 1941ರಿಂದ 1944ರವರೆಗೆ, 872 ದಿನ, ಮುತ್ತಿದರು. ಜನ ಹಸಿವೆಯಿಂದ ಬೀದಿಗಳಲ್ಲಿ ಸತ್ತರು. ವಾವಿಲೋವ್ ಎಂಬ ಮಹಾವಿಜ್ಞಾನಿ ಜಗತ್ತನ್ನೆಲ್ಲ ಸುತ್ತಿ ಕೂಡಿಹಾಕಿದ ಬೀಜಗಳ ಭಂಡಾರ ಆ ನಗರದಲ್ಲಿತ್ತು. ಅದನ್ನು ಕಾಯುತ್ತಿದ್ದ ವಿಜ್ಞಾನಿಗಳಲ್ಲಿ ಹಲವರು ಅಕ್ಕಿ, ಗೋಧಿ, ಕಾಳುಗಳ ಚೀಲಗಳ ನಡುವೆ ಕುಳಿತು, ಒಂದು ಹಿಡಿಯನ್ನೂ ಬಾಯಿಗಿಡದೆ ಹಸಿವೆಯಿಂದ ಪ್ರಾಣ ಬಿಟ್ಟರು. ಅಕ್ಕಿಯ ತಜ್ಞ ಇವಾನೋವ್ ಎಂಬಾತ ಸತ್ತಾಗ ಅವನ ಸುತ್ತ ಸಾವಿರಾರು ಅಕ್ಕಿಯ ಪೊಟ್ಟಣಗಳಿದ್ದವು. ವಾವಿಲೋವ್ ಮಾತ್ರ ಆಗ ತನ್ನದೇ ಸರಕಾರದ ಸೆರೆಮನೆಯಲ್ಲಿದ್ದ; 1943ರಲ್ಲಿ ಅಲ್ಲಿಯೇ ತೀರಿಕೊಂಡ. ನಮ್ಮ ಅಜ್ಜಿ ಇವರ ಹೆಸರನ್ನು ಕೇಳಿದವಳಲ್ಲ.

ಆ ಸಂಸ್ಥೆಗೆ ಸೇರಿದ ಪಾವ್ಲೋವ್‌ಸ್ಕ್ ಎಂಬ ಹಣ್ಣುಗಿಡಗಳ ಕ್ಷೇತ್ರವಿದೆ. ಯುದ್ಧವನ್ನೂ ದಾಟಿ ಬಂದ ಆ ಕ್ಷೇತ್ರವನ್ನು 2010ರಲ್ಲಿ ಮನೆ ಕಟ್ಟಲು ಕೊಡುವುದೆಂದಾಯಿತು; ನ್ಯಾಯಾಲಯವೂ ಒಪ್ಪಿತು. ಅಲ್ಲಿಯ ಸಾವಿರಾರು ಬಗೆಯ ಗಿಡಗಳಲ್ಲಿ ಬಹುಪಾಲು ಜಗತ್ತಿನಲ್ಲಿ ಬೇರೆಲ್ಲಿಯೂ ಇಲ್ಲದವು. ಬೀಜವಾಗಿ ಕಟ್ಟಿ ಬೇರೆಡೆಗೆ ಒಯ್ಯಲು ಬಾರದವು, ನೆಲದಲ್ಲಿ ನಿಂತೇ ಬದುಕಬೇಕಾದವು. ದೇಶವಿದೇಶಗಳ ವಿಜ್ಞಾನಿಗಳೂ ಜನರೂ ಪತ್ರದ ಮೇಲೆ ಪತ್ರ ಬರೆದರು. ಅಲ್ಲಿಯ ಅಧ್ಯಕ್ಷರು ಮರುಪರಿಶೀಲನೆಗೆ ಹೇಳಿದರು. ಕಡೆಗೆ ಆ ಭೂಮಿ ಮನೆಗಳ ಪಾಲಾಗಲಿಲ್ಲ.

ಪತ್ರಗಳಿಂದ ಏನಾದೀತು ಎನ್ನುವವರಿಗೆ ಇದನ್ನು ಹೇಳುತ್ತಿದ್ದೇನೆ. ಅಂದು ಪಡಸಾಲೆಯಲ್ಲಿ ಮಾತು ಮುಗಿದಾಗ ರಾತ್ರಿ ಹನ್ನೊಂದು ದಾಟಿತ್ತು. ಸರಕಾರಕ್ಕೂ ಕೃಷಿ ವಿಶ್ವವಿದ್ಯಾಲಯಕ್ಕೂ ಒಂದು ಮನವಿ ಬರೆಯೋಣವೆಂದಾಯಿತು. ಬರೆಯಲು ಕುಳಿತವನು ಆ ಲೆಕ್ಕಪತ್ರದ ತರುಣನೇ. ಅವನ ಅಕ್ಷರ ದುಂಡಗಿದೆ. ಈ ಭಾಗದ ಯಾವ ಸಂಶೋಧನಾ ಕೇಂದ್ರವನ್ನೂ ಮುಚ್ಚಬಾರದು, ಅದರ ಭೂಮಿಯನ್ನು ಬೇರೆ ಕೆಲಸಕ್ಕೆ ಕೊಡಬಾರದು; ಖಾಲಿ ಹುದ್ದೆಗಳನ್ನು ತುಂಬಬೇಕು; ಒಬ್ಬರು ನಿವೃತ್ತರಾಗುವ ಮೊದಲೇ ಅವರ ಕೈಕೆಳಗೆ ಇನ್ನೊಬ್ಬರು ಎರಡು ವರ್ಷವಾದರೂ ಕಲಿಯುವಂತಾಗಬೇಕು. ಈ ಕೊನೆಯದನ್ನು ನಾನು ಸೇರಿಸಿದ್ದು. ಮಠದಲ್ಲಿ ಪಟ್ಟಕ್ಕೆ ಬರುವ ಮರಿಯನ್ನು ಹಿರಿಯರು ಕಣ್ಣೆದುರಿಗೇ ತಯಾರು ಮಾಡುತ್ತಾರೆ. ಹೊಲದ ವಿದ್ಯೆಗೂ ಅದು ಬೇಡವೇ?

ಓದಿ ಹೇಳಿದಾಗ ಆ ಹಿರಿಯ ಒಕ್ಕಲಿಗರು, "ಇನ್ನೊಂದು ಬರಿ ತಮ್ಮಾ" ಎಂದರು. "ಫಾರ್ಮಿನ ಬಾಗಿಲಾ ವಾರದಾಗ ಒಂದು ದಿನ, ಸೋಮವಾರ, ನಮ್ಮಂಥಾ ಒಕ್ಕಲಿಗರಿಗೆ ತೆರದಿರಬೇಕು. ಒಳಗ ಹೋಗಿ ಬೆಳಿ ನೋಡಿ, ಕೇಳಿ ಬರೂಹಂಗ ಇರಬೇಕು."

ತರುಣ ಬರೆದುಕೊಂಡು ತಲೆಯೆತ್ತಿ ಕೇಳಿದ: "ಸೋಮವಾರನ ಯಾಕ್ರಿ ದೊಡ್ಡಪ್ಪ?"

"ಸೋಮವಾರ ನಾವು ಎತ್ತು ಹೂಡೂದಿಲ್ಲಲ್ಲೋ" ಎಂದರು ಅವರು.